ಹೆಸರಿಗೂ ವಸ್ತುವಿಗೂ ನಡುವೆ: ಬಾಲವನದ ಕಾರಂತರು

ಶಿವರಾಮ ಕಾರಂತರಿಗೆ ನಾಡು ಎರಡು ಬಿರುದುಗಳನ್ನು ಕೊಟ್ಟಿತು. ಕಡಲತೀರದ ಭಾರ್ಗವ ಎಂಬುದೊಂದು, ನಡೆದಾಡುವ ವಿಶ್ವಕೋಶ ಎಂಬುದು ಮತ್ತೊಂದು. ಎರಡನ್ನೂ ಪ್ರೀತಿಯಿಂದಲೇ ಕೊಟ್ಟದ್ದು. ಎರಡೂ ಅವರನ್ನು ಸರಿಯಾಗಿ ನೋಡುವ ಶ್ರಮವನ್ನು ನಮಗೆ ತಪ್ಪಿಸಿದವು ಎಂಬುದೂ ಅಷ್ಟೇ ನಿಜ. ವಿಶ್ವಕೋಶವೆಂದು ಕರೆದೊಡನೆ ಆ ತಿಳಿವಳಿಕೆ ಹುಟ್ಟಿನಿಂದಲೇ ಬಂದದ್ದೆಂಬ ಭಾವನೆ ಮೂಡುತ್ತದೆ. ಅದರ ಹಿಂದಿನ ಅಲೆದಾಟ, ಹಣದ ಮುಗ್ಗಟ್ಟು, ಕೈಗೂಡದ ಪ್ರಯೋಗಗಳು ಮರೆಗೆ ಸರಿಯುತ್ತವೆ. ಹೆಸರು ಗೊತ್ತಾದರೆ ವಸ್ತುವೂ ಗೊತ್ತಾದಂತೆ ಎಂಬ ನಂಬಿಕೆ ನಮ್ಮ ಶಾಲೆಗಳ ಹಳೆಯ ರೋಗ. ಕಾರಂತರು ಪುತ್ತೂರಿನಲ್ಲಿ ಕಳೆದ ಸುಮಾರು ನಾಲ್ಕು ದಶಕಗಳಲ್ಲಿ ಮಕ್ಕಳಿಗಾಗಿ ಮಾಡಿದ ಕೆಲಸವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಅದು ಈ ರೋಗಕ್ಕೆ ಹುಡುಕಿದ ಮದ್ದಿನಂತೆಯೇ ಕಾಣುತ್ತದೆ.

ಅವರು ಹುಟ್ಟಿದ್ದು 1902ರ ಅಕ್ಟೋಬರ್ 10ರಂದು, ಇಂದಿನ ಉಡುಪಿ ಜಿಲ್ಲೆಯ ಕೋಟದಲ್ಲಿ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಮಂಗಳೂರಿನ ಕಾಲೇಜನ್ನು ಬಿಟ್ಟರು. ಮತ್ತೆ ಪದವಿಯ ಗೊಡವೆಗೆ ಹೋಗಲಿಲ್ಲ. ಖಾದಿ ಪ್ರಚಾರ, ‘ವಸಂತ’ ಎಂಬ ಪತ್ರಿಕೆ, ನಾಟಕ, ತಿರುಗಾಟ ಇವುಗಳಲ್ಲಿ ಇಪ್ಪತ್ತರ ಹರೆಯ ಕಳೆಯಿತು. ಆ ಬಳಿಕ ಅವರಿಗೆ ನೆಲೆ ಕೊಟ್ಟದ್ದು ಪುತ್ತೂರು. ಅಲ್ಲಿ ಅವರಿಗೆ ಒತ್ತಾಸೆಯಾಗಿ ನಿಂತವರು ದಕ್ಷಿಣ ಕನ್ನಡದ ಸಹಕಾರ ಚಳವಳಿಯ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರು. ರೈತರ ಸಾಲಸೋಲಗಳ ಲೆಕ್ಕ ನೋಡುತ್ತಿದ್ದ ಒಬ್ಬ ಸಹಕಾರಿ ಧುರೀಣರು ಕಲಾವಿದನೊಬ್ಬನ ಹುಚ್ಚಾಟಗಳಿಗೂ ಬೆಂಬಲ ಕೊಟ್ಟದ್ದು ಅಂದಿನ ಸಾರ್ವಜನಿಕ ಜೀವನದ ಹರವನ್ನು ತೋರಿಸುತ್ತದೆ. ಇಬ್ಬರೂ ಸೇರಿ ನಡೆಸಿದ ದಸರಾ ನಾಡಹಬ್ಬ ಪುತ್ತೂರನ್ನು ಕನ್ನಡ ಸಾಹಿತಿಗಳ ಕೂಡುತಾಣವಾಗಿಸಿತು.

ಕೋಟದಿಂದ ಪುತ್ತೂರಿಗೆ ಬರುವುದೆಂದರೆ ಮಾತು ಬದಲಾಗುವುದೆಂದೇ ಅರ್ಥ. ಕೋಟದ ಮನೆಮಾತು ಕುಂದಾಪುರದ ಕನ್ನಡ. ಪುತ್ತೂರಿನ ಪೇಟೆಯಲ್ಲಿ, ಗದ್ದೆಯಲ್ಲಿ, ಕೋಳಿ ಅಂಕದಲ್ಲಿ ನಡೆಯುವುದು ತುಳು. ಅಡಿಕೆ ತೋಟದ ನಡುವಿನ ಹವ್ಯಕರ ಮನೆಗಳಲ್ಲಿ ಹವಿಗನ್ನಡ, ಸುಳ್ಯದ ಗೌಡರ ಮನೆಗಳಲ್ಲಿ ಅರೆಭಾಷೆ, ಮುಸ್ಲಿಮರಲ್ಲಿ ಬ್ಯಾರಿ, ಇವುಗಳ ಜೊತೆಗೆ ಕೊಂಕಣಿ, ಮರಾಟಿ, ಗಡಿಯ ಕಡೆ ಮಲಯಾಳ. ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಸೇರಿಸಿ ಈಚೆಗೆ ರೂಪಿಸಿದ ಕಡಬ ತಾಲ್ಲೂಕಿನಲ್ಲಿಯೂ ಇದೇ ಚಿತ್ರ. ಈ ಎಲ್ಲ ಮನೆಗಳ ಮಕ್ಕಳು ಶಾಲೆಯ ಬಾಗಿಲಲ್ಲಿ ಮತ್ತೊಂದು ಕನ್ನಡವನ್ನು, ಪುಸ್ತಕದ ಕನ್ನಡವನ್ನು, ಎದುರುಗೊಳ್ಳುತ್ತಾರೆ. ಒಂದೇ ವಸ್ತುವಿಗೆ ಮನೆಯಲ್ಲೊಂದು ಹೆಸರು, ಶಾಲೆಯಲ್ಲೊಂದು ಹೆಸರು. ಇಂಥ ಊರಿನಲ್ಲಿ ಮಕ್ಕಳಿಗೆ ಪಾಠ ಹೇಳಹೊರಟವನಿಗೆ ಪದ ಬೇರೆ, ಪದಾರ್ಥ ಬೇರೆ ಎಂಬುದು ಮೊದಲ ದಿನವೇ ತಿಳಿದುಹೋಗುತ್ತದೆ.

1930ರ ದಶಕದ ನಡುಭಾಗದಲ್ಲಿ ಪುತ್ತೂರಿನ ಪರ್ಲಡ್ಕದ ಗುಡ್ಡದ ಮೇಲೆ ಬಾಲವನ ಎದ್ದಿತು. ಬೆತ್ತ ಮತ್ತು ಬಾಯಿಪಾಠಗಳ ಶಾಲೆಗೆ ಬದಲಾಗಿ ಆಟ, ಕುಣಿತ, ನಾಟಕ, ಕೈಕೆಲಸ, ಸುತ್ತಾಟಗಳ ಮೂಲಕ ಮಕ್ಕಳು ಕಲಿಯಬೇಕೆಂಬುದು ಕಾರಂತರ ಆಸೆ. ಶಾಲೆ ದೀರ್ಘಕಾಲ ಬಾಳಲಿಲ್ಲ. ಹಣವೂ ಇರಲಿಲ್ಲ, ಪರೀಕ್ಷೆಯ ಅಂಕ ಬೇಡವೆನ್ನುವ ಶಾಲೆಗೆ ಮಕ್ಕಳನ್ನು ಕಳುಹಿಸುವ ಧೈರ್ಯ ಹೆತ್ತವರೆಲ್ಲರಿಗೂ ಇರುವುದಿಲ್ಲ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1934ರಲ್ಲಿ, ರಷ್ಯದ ಮನೋವಿಜ್ಞಾನಿ ಲೆವ್ ವೈಗೋಟ್‌ಸ್ಕಿ ಮೂವತ್ತೇಳನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡರು. ಅದೇ ವರ್ಷ ಪ್ರಕಟವಾದ ಅವರ ‘ಆಲೋಚನೆ ಮತ್ತು ಭಾಷೆ’ ಕೃತಿಯಲ್ಲಿ ಮಗುವಿನ ಪರಿಕಲ್ಪನೆಗಳು ಎರಡು ದಿಕ್ಕಿನಿಂದ ಬೆಳೆಯುತ್ತವೆ ಎಂಬ ವಿಚಾರವಿದೆ. ನಿತ್ಯಜೀವನದ ತಿಳಿವು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಶಾಲೆ ಕೊಡುವ ತಿಳಿವು ಹೆಸರು ಮತ್ತು ವ್ಯಾಖ್ಯೆಯಾಗಿ ಮೇಲಿನಿಂದ ಕೆಳಗಿಳಿಯುತ್ತದೆ. ಎರಡೂ ಸಂಧಿಸಿದಲ್ಲಿ ಅರಿವು; ಸಂಧಿಸದಿದ್ದಲ್ಲಿ ಬರಿಯ ಗಿಳಿಪಾಠ. ಆ ಪುಸ್ತಕ ಇಂಗ್ಲಿಷಿಗೆ ಬಂದದ್ದೇ 1962ರಲ್ಲಿ. ಪುತ್ತೂರಿನ ಗುಡ್ಡದ ಮೇಲಿದ್ದವರು ತಮ್ಮದೇ ದಾರಿಯಲ್ಲಿ ಇದರ ಹತ್ತಿರ ಬಂದಿದ್ದರು.

ಶಾಲೆ ನಿಂತರೂ ಕೆಲಸ ನಿಲ್ಲಲಿಲ್ಲ. 1936ರಲ್ಲಿ ‘ಬಾಲಪ್ರಪಂಚ’ ಬಂದಿತು, ಮೂರು ಸಂಪುಟಗಳಲ್ಲಿ. ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತದ ಒಂದು ಮೂಲೆ. ಕನ್ನಡ ಪುಸ್ತಕಗಳ ಮಾರುಕಟ್ಟೆ ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತು. ಮಕ್ಕಳ ಚಿತ್ರಸಹಿತ ಜ್ಞಾನಕೋಶವನ್ನು ಅಂಥ ಮಾರುಕಟ್ಟೆಗೆ ಇಳಿಸುವವನನ್ನು ಅರ್ಥಶಾಸ್ತ್ರದ ಯಾವ ಪಠ್ಯವೂ ಜಾಣನೆಂದು ಕರೆಯಲಾರದು. ಇಂಗ್ಲಿಷಿನಲ್ಲಿ ಆರ್ಥರ್ ಮೀ ಎಂಬಾತನ ಮಕ್ಕಳ ವಿಶ್ವಕೋಶ 1908ರಿಂದ ಕಂತುಕಂತಾಗಿ ಹೊರಬಂದಿತ್ತು. ಅದಕ್ಕೆ ದೊಡ್ಡ ಪ್ರಕಾಶನ ಸಂಸ್ಥೆಯೂ ಲೇಖಕರ ದಂಡೂ ಇದ್ದವು. ಇಲ್ಲಿ ಒಬ್ಬರೇ. 1941ರಲ್ಲಿ ‘ಸಿರಿಗನ್ನಡ ಅರ್ಥಕೋಶ’ವನ್ನೂ ಅವರೇ ತಂದರು. ಶಾಲಾ ಪಠ್ಯಗಳನ್ನೂ ಮಕ್ಕಳ ಕಥೆಗಳನ್ನೂ ಬರೆದರು. ಪುತ್ತೂರಿನಲ್ಲೇ ಮುದ್ರಣಾಲಯ ಹೂಡಿ, ‘ಹರ್ಷ’ ಹೆಸರಿನಲ್ಲಿ ಪ್ರಕಾಶನ ನಡೆಸಿದರು. ಒಂದೆಡೆ ಪದಗಳ ಅರ್ಥಕೋಶ, ಇನ್ನೊಂದೆಡೆ ವಸ್ತುಗಳ ಪ್ರಪಂಚ: ಐದು ವರ್ಷಗಳ ಅಂತರದಲ್ಲಿ ಬಂದ ಈ ಎರಡನ್ನೂ ಒಂದೇ ಯೋಜನೆಯ ಎರಡು ಕೈಗಳೆಂದು ನಾನು ತಿಳಿಯುತ್ತೇನೆ.

ಹೆಸರಿಗಿಂತ ವಸ್ತು ಮುಖ್ಯ ಎಂಬುದನ್ನು ಒಪ್ಪಿದರೂ, ಹೆಸರಿಗೆ ತನ್ನದೇ ಆದ ಶಕ್ತಿಯಿದೆ ಎಂಬುದನ್ನು ಈಚಿನ ಸಂಶೋಧನೆ ತೋರಿಸಿದೆ. ಅಮೆರಿಕದ ಮನೋವಿಜ್ಞಾನಿ ಸಾಂಡ್ರಾ ವ್ಯಾಕ್ಸ್‌ಮನ್ ಮತ್ತು ಸಂಗಡಿಗರು 1990ರ ದಶಕದಿಂದ ನಡೆಸಿದ ಪ್ರಯೋಗಗಳಲ್ಲಿ, ಬೇರೆ ಬೇರೆಯಾಗಿ ಕಾಣುವ ಹಲವು ವಸ್ತುಗಳನ್ನು ಒಂದೇ ಹೆಸರಿನಿಂದ ಕರೆದು ತೋರಿಸಿದಾಗ, ವರ್ಷ ತುಂಬಿದ ಕೂಸು ಅವುಗಳಲ್ಲಿ ಸಮಾನವಾದುದೇನೆಂದು ಹುಡುಕತೊಡಗುತ್ತದೆ ಎಂಬುದು ಕಂಡುಬಂತು. 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರು ನಾಲ್ಕು ತಿಂಗಳ ಹಸುಳೆಗಳಲ್ಲಿಯೇ ಇದರ ಮೊಳಕೆಯನ್ನು ಗುರುತಿಸಿತು: ಚಿತ್ರಗಳ ಜೊತೆ ಮಾತು ಕೇಳಿದ ಕೂಸುಗಳು ಅವುಗಳನ್ನು ಒಂದು ಗುಂಪಾಗಿ ಗ್ರಹಿಸಿದವು, ಬರಿಯ ನಾದ ಕೇಳಿದವು ಗ್ರಹಿಸಲಿಲ್ಲ. ಅದಕ್ಕೂ ಹಿಂದೆ, 1986ರಲ್ಲಿ, ಸೂಸನ್ ಗೆಲ್ಮನ್ ಮತ್ತು ಎಲೆನ್ ಮಾರ್ಕ್‌ಮನ್ ನಾಲ್ಕು ವರ್ಷದ ಮಕ್ಕಳ ಮುಂದೆ ರಾಜಹಂಸವನ್ನೂ ಬಾವಲಿಯನ್ನೂ ಇಟ್ಟು, ಅವು ತಮ್ಮ ಮರಿಗಳಿಗೆ ಏನನ್ನು ಉಣಿಸುತ್ತವೆಂದು ತಿಳಿಸಿದರು. ಬಳಿಕ ಬಾವಲಿಯನ್ನೇ ಹೋಲುವ ಕಪ್ಪು ಹಕ್ಕಿಯೊಂದನ್ನು ತೋರಿಸಿ, ಇದು ಹಕ್ಕಿ ಎಂದಷ್ಟೇ ಹೇಳಿ, ಇದರ ಮರಿಗೆ ಏನು ಆಹಾರವೆಂದು ಕೇಳಿದರು. ಮಕ್ಕಳು ಹೆಚ್ಚಿನ ಸಲ ರೂಪವನ್ನು ಬಿಟ್ಟು ಹೆಸರಿನ ಜಾಡು ಹಿಡಿದರು. ಹೆಸರು ಮಗುವಿಗೆ ವರ್ಗದ ಸೂಚನೆಯೋ, ಕಿವಿಗೆ ಬೀಳುವ ಇನ್ನೊಂದು ಲಕ್ಷಣ ಮಾತ್ರವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ. ವ್ಲಾದಿಮಿರ್ ಸ್ಲೌಟ್‌ಸ್ಕಿ ಎರಡನೆಯ ಪಕ್ಷದವರು. ಆದರೆ ಹೆಸರು ಮಗುವಿನ ಗಮನವನ್ನು ತಿದ್ದುತ್ತದೆ ಎಂಬುದರ ಬಗ್ಗೆ ತಕರಾರಿಲ್ಲ.

ಇದಕ್ಕೆ ಅಮೆರಿಕದ ಪ್ರಯೋಗಾಲಯವೇ ಬೇಕಿಲ್ಲ, ಪುತ್ತೂರಿನ ಅಂಗಳದ ಹಲಸಿನಹಣ್ಣು ಸಾಕು. ನಮ್ಮ ಕಡೆ ಹಲಸಿನಲ್ಲಿ ಬಕ್ಕೆ ಮತ್ತು ತುಳುವ ಎಂದು ಎರಡು ಬಗೆ. ಬಕ್ಕೆಯ ತೊಳೆ ಗಟ್ಟಿ, ತುಳುವದ್ದು ಮೆದು, ಕೈಗೆ ಅಂಟಿ ಗಂಟಲಿಗೆ ಜಾರುವಂಥದು. ಹೊರಗಿನಿಂದ ನೋಡಿದರೆ ಪಟ್ಟಣಿಗನಿಗೆ ಎರಡೂ ಒಂದೇ. ಈ ಎರಡು ಹೆಸರುಗಳನ್ನು ಕೇಳುತ್ತ ಬೆಳೆದ ಮಗು ಮರವನ್ನೇ ನೋಡಿ ಇದು ಯಾವುದೆಂದು ಕೇಳುತ್ತದೆ; ಹೆಸರು ಇಲ್ಲದಿದ್ದರೆ ಆ ಪ್ರಶ್ನೆ ಹುಟ್ಟುತ್ತಿರಲಿಲ್ಲ. ಇನ್ನು ಭತ್ತದ ಮಾತು. ತುಳುವಿನಲ್ಲಿ ಗದ್ದೆಯಲ್ಲಿರುವುದು ಬಾರ್, ಮಿಲ್ಲಿನಿಂದ ಬಂದದ್ದು ಅರಿ, ಬಟ್ಟಲಿಗೆ ಬಡಿಸಿದ್ದು ನುಪ್ಪು. ಕನ್ನಡದಲ್ಲಿ ಭತ್ತ, ಅಕ್ಕಿ, ಅನ್ನ. ಮಲಯಾಳದಲ್ಲಿ ನೆಲ್ಲು, ಅರಿ, ಚೋರು. ಮೂರು ಭಾಷೆಗಳೂ ಒಂದು ಕಾಳಿನ ಮೂರು ಅವಸ್ಥೆಗಳನ್ನು ಮಗುವಿನ ಕಣ್ಣಿಗೆ ಬೇರೆ ಬೇರೆಯಾಗಿ ನಿಲ್ಲಿಸುತ್ತವೆ. ಇಂಗ್ಲಿಷಿಗೆ ರೈಸ್ ಎಂಬ ಒಂದೇ ಪದ ಸಾಕಾಯಿತು. ಗದ್ದೆಯ ಬೆಳೆಗೆ ಹೆಸರು ಬೇಕೆನಿಸಿದಾಗ ಅದು ಮಲಯ ಭಾಷೆಯಿಂದ ಪ್ಯಾಡಿ ಎಂಬುದನ್ನು ಕಡ ತಂದಿತು. ಇದು ಆ ಭಾಷೆಯ ದೋಷವಲ್ಲ. ಅನ್ನ ಉಣ್ಣದ ನಾಡಿನಲ್ಲಿ ಅನ್ನಕ್ಕೆ ಮೂರು ಹೆಸರು ಏಕೆ?

ಕಾರಂತರ ಕಾದಂಬರಿಗಳಲ್ಲಿ ಈ ವಿಚಾರಕ್ಕೆ ಅತ್ಯಂತ ಸಮೀಪವಾದದ್ದು 1943ರ ‘ಬೆಟ್ಟದ ಜೀವ’. ಸುಬ್ರಹ್ಮಣ್ಯದ ಕಡೆಗೆ ಹೊರಟು ಕಾಡಿನಲ್ಲಿ ದಾರಿ ತಪ್ಪಿದ ಪೇಟೆಯವನೊಬ್ಬ ಗೋಪಾಲಯ್ಯನೆಂಬ ಮುದುಕನ ಮನೆ ಸೇರುತ್ತಾನೆ. ಬಂದವನಿಗೆ ಕಣ್ಣೆದುರಿನದೆಲ್ಲ ಒಂದೇ, ಕಾಡು. ಗೋಪಾಲಯ್ಯನಿಗೆ ಅದರ ಒಂದೊಂದು ಓರೆಯೂ ತೊರೆಯೂ ಬೇರೆ. ಎಲ್ಲಿ ಅಡಿಕೆ ನಿಲ್ಲುತ್ತದೆ, ಎಲ್ಲಿ ನೀರು ಬತ್ತುತ್ತದೆ, ಹುಲಿ ಎಲ್ಲಿ ಹಾಯುತ್ತದೆ ಎಂಬುದೆಲ್ಲ ಅವನಿಗೆ ಗೊತ್ತು. ಕುಮಾರಪರ್ವತದ ತಪ್ಪಲಿನ ಆ ಸೀಮೆ ಈಗ ಕಡಬ ಮತ್ತು ಸುಳ್ಯ ತಾಲ್ಲೂಕುಗಳಲ್ಲಿ ಹಂಚಿಕೊಂಡಿದೆ. 1951ರ ‘ಕುಡಿಯರ ಕೂಸು’ವಿನಲ್ಲಿ ಅವರು ಇನ್ನೂ ಮೇಲಕ್ಕೆ, ಮಲೆಕುಡಿಯರ ಬದುಕಿಗೆ ಏರಿದರು.

ಈ ಸೀಮೆಯ ಕಂದಾಯ ದಾಖಲೆ ನೋಡಿದವರಿಗೆ ಬೈಲು, ಮಜಲು, ಬೆಟ್ಟು ಎಂಬ ಹೆಸರುಗಳು ಪರಿಚಿತ. ಎಲ್ಲವೂ ಗದ್ದೆಯೇ. ಕಣಿವೆಯ ತಳದಲ್ಲಿ ಸದಾ ನೀರಿನ ಸೆಲೆಯಿರುವುದು ಬೈಲು. ಅದರ ಮೇಲಿನ ಹಂತ ಮಜಲು. ಮಳೆಯನ್ನೇ ನಂಬಿದ ಎತ್ತರದ ಗದ್ದೆ ಬೆಟ್ಟು. ಬೈಲಿನಲ್ಲಿ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆ ತೆಗೆಯಬಹುದು, ಮಜಲಿನಲ್ಲಿ ಎರಡು, ಬೆಟ್ಟಿನಲ್ಲಿ ಒಂದು. ಸರ್ಕಾರ ತೀರ್ವೆ ನಿಗದಿ ಮಾಡಿದ್ದು ಈ ಮೂರು ಪದಗಳ ಆಧಾರದ ಮೇಲೆ. ನೀರು, ಎತ್ತರ, ಋತು, ಇಳುವರಿ ಈ ನಾಲ್ಕರ ಸಂಬಂಧವನ್ನು ಮೂರು ಹೆಸರುಗಳು ಹಿಡಿದಿಟ್ಟಿವೆ. ಒಂದು ಭೂಗೋಳ ಪಾಠಕ್ಕೆ ಸಾಲುವಷ್ಟು ವಿಷಯ. ರೈತನ ಮಗು ಇವನ್ನು ಶಾಲೆಗೆ ಬರುವ ಮೊದಲೇ ಕಲಿತಿರುತ್ತದೆ.

ಶಾಲೆ ಇದನ್ನು ಏನು ಮಾಡುತ್ತದೆ? ಪಠ್ಯಪುಸ್ತಕದಲ್ಲಿ ಬಯಲು ಎಂದರೆ ಮರಗಿಡವಿಲ್ಲದ ವಿಶಾಲ ಸಮತಟ್ಟು. ಸುಳ್ಯದ ಮಗುವಿನ ಮನಸ್ಸಿಗೆ ಬರುವುದು ಗುಡ್ಡಗಳ ನಡುವಿನ ನೀರುಗದ್ದೆ. ಪುಸ್ತಕದ ತೋಟದಲ್ಲಿ ಹೂವೂ ತರಕಾರಿಯೂ ಇರುತ್ತವೆ. ಇಲ್ಲಿ ತೋಟವೆಂದರೆ ಅಡಿಕೆ. ಪುಸ್ತಕದ ಬೆಟ್ಟ ಆಕಾಶಕ್ಕೆ ಏರಿದರೆ ಇಲ್ಲಿಯ ಬೆಟ್ಟಿನಲ್ಲಿ ಉಳುಮೆ ನಡೆಯುತ್ತದೆ. ಉತ್ತರ ತಪ್ಪಾದಾಗ ಮಗುವಿಗೆ ಪರಿಕಲ್ಪನೆ ಇಲ್ಲವೆಂದು ತೀರ್ಮಾನವಾಗುತ್ತದೆ. ಪರಿಕಲ್ಪನೆ ಇದೆ, ಅದೂ ಪಠ್ಯ ಬರೆದವರಿಗಿಂತ ಸೂಕ್ಷ್ಮವಾದದ್ದು. ಆದರೆ ಅದಕ್ಕೆ ಅಂಟಿಸಿದ ಚೀಟಿ ಬೇರೆ. ‘ಬಾಲಪ್ರಪಂಚ’ವೂ ಪುಸ್ತಕದ ಕನ್ನಡದಲ್ಲಿಯೇ ಬಂದದ್ದು, ಸುತ್ತಲ ಮಕ್ಕಳ ತುಳುವಿನಲ್ಲಿ ಅಲ್ಲ, ಎಂಬುದನ್ನೂ ಇಲ್ಲಿ ಹೇಳಬೇಕು. ಇಡೀ ಕನ್ನಡ ನಾಡಿನ ಮಕ್ಕಳಿಗಾಗಿ ಬರೆದವರಿಗೆ ಬೇರೆ ದಾರಿ ಇರಲಿಲ್ಲ. ಮನೆಯ ಹೆಸರಿನಿಂದ ಪುಸ್ತಕದ ಹೆಸರಿಗೆ ಸೇತುವೆ ಹಾಕುವ ಕೆಲಸ ಆಯಾ ಊರಿನ ಶಿಕ್ಷಕರ ಪಾಲಿಗೆ ಉಳಿಯಿತು.

ಇಂದು ಆ ಸೇತುವೆ ಇನ್ನೂ ಉದ್ದವಾಗಬೇಕಾಗಿದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ನೀಡಿತು. 2019ರಲ್ಲಿ ರಾಜ್ಯ ಸರ್ಕಾರ ತನ್ನ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳನ್ನು ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದಲ್ಲೆಲ್ಲ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸಬೇಕೆನ್ನುತ್ತದೆ. ತುಳುವೋ ಅರೆಭಾಷೆಯೋ ಮನೆಮಾತಾದ ಮಗುವಿಗೆ ಅದರ ಅರ್ಥವೇನೆಂಬುದು ತರಗತಿಯಲ್ಲಿ ಸ್ಪಷ್ಟವಾಗಿಲ್ಲ. ದಕ್ಷಿಣ ಕನ್ನಡದಲ್ಲಿ ತುಳುವನ್ನು ಐಚ್ಛಿಕ ತೃತೀಯ ಭಾಷೆಯಾಗಿ ಕಲಿಯುವ ಅವಕಾಶ ಬಂದದ್ದು 2010ರಲ್ಲಿ, ಅದೂ ಆರನೆಯ ತರಗತಿಯಿಂದ. ಹೆಸರುಗಳು ಮಗುವಿನ ಕಣ್ಣನ್ನು ತೆರೆಸುವ ವಯಸ್ಸು ಅಷ್ಟರಲ್ಲಿ ದಾಟಿರುತ್ತದೆ.

ಇಂಗ್ಲಿಷ್ ಶಾಲೆಯ ಬಸ್ಸು ಹತ್ತಿಸುವ ಹೆತ್ತವರನ್ನು ನಾನು ದೂರಲಾರೆ. ಅಡಿಕೆಯ ಧಾರಣೆ ಏರಿಳಿಯುವಾಗ, ತೋಟಕ್ಕೆ ಹಳದಿ ರೋಗ ಬಡಿದಾಗ, ಮಕ್ಕಳಿಗೆ ಸಂಬಳದ ಕೆಲಸ ಸಿಗಲಿ ಎಂದು ಬಯಸುವುದು ನ್ಯಾಯವಾದ ಲೆಕ್ಕಾಚಾರ. ಪ್ರಶ್ನೆ ಇರುವುದು ಬಂಡವಾಳದ್ದು. ಐದು ವರ್ಷದ ಮಗು ನೂರಾರು ಹೆಸರುಗಳನ್ನೂ ಅವುಗಳ ಹಿಂದಿನ ವಿಂಗಡಣೆಗಳನ್ನೂ ಕೂಡಿಹಾಕಿಕೊಂಡು ಬರುತ್ತದೆ. ಆ ದಾಸ್ತಾನನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ಸೊನ್ನೆಯಿಂದ ಹೊಸ ಖಾತೆ ತೆರೆಯುವ ವ್ಯಾಪಾರಿ ಎಲ್ಲಿಯೂ ಇರಲಾರ. ರೈಸ್ ಎಂದು ಕಲಿಸುವ ಶಿಕ್ಷಕಿ ಬಾರ್, ಅರಿ, ನುಪ್ಪುಗಳನ್ನು ಒಮ್ಮೆ ಮಗುವಿನ ಬಾಯಿಂದ ಹೇಳಿಸಿದರೆ ಐದು ನಿಮಿಷ ಹೆಚ್ಚು ಹಿಡಿಯುತ್ತದೆ, ಅಷ್ಟೆ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಮೊಳೆತು ಆಮೇಲೆ ರಾಜ್ಯದಾದ್ಯಂತ ಹಬ್ಬಿದ ನಲಿ-ಕಲಿ ಪದ್ಧತಿಯಲ್ಲಿ ಇದಕ್ಕೆ ಎಡೆಯಿದೆ. ಪುತ್ತೂರಿನಲ್ಲಿ ಆರು ದಶಕ ಮೊದಲು ಒಬ್ಬರು ಬೇಡಿದ್ದೂ ಬಹುಮಟ್ಟಿಗೆ ಇದನ್ನೇ.

ವಸ್ತುಗಳಿಗೆ ಅಂಟುವ ಹೆಸರಿನ ಮಾತು ಹೀಗಾದರೆ, ಮಕ್ಕಳಿಗೇ ಅಂಟುವ ಹೆಸರಿನ ಮಾತು ಇನ್ನೂ ಗಂಭೀರ. 1999ರಲ್ಲಿ ಗೆಲ್ಮನ್ ಮತ್ತು ಗೇಲ್ ಹೇಮನ್ ಐದು ಮತ್ತು ಏಳು ವರ್ಷದ ಮಕ್ಕಳಿಗೆ ಇನ್ನೊಂದು ಮಗುವಿನ ಬಗ್ಗೆ ಹೇಳಿದರು. ಕೆಲವರಿಗೆ ಆ ಮಗು ಸಿಕ್ಕಾಗಲೆಲ್ಲ ಗಜ್ಜರಿ ತಿನ್ನುತ್ತದೆ ಎಂದರು. ಉಳಿದವರಿಗೆ ಅದೊಂದು ಗಜ್ಜರಿತಿನ್ನಿ ಎಂದರು. ಸಂಗತಿ ಒಂದೇ. ಆದರೆ ಹೆಸರು ಕೇಳಿದ ಮಕ್ಕಳು ಆ ಗುಣ ಮುಂದೆಯೂ ಉಳಿಯುತ್ತದೆ, ಯಾರು ತಡೆದರೂ ಹೋಗದು ಎಂದು ಹೆಚ್ಚಾಗಿ ನಂಬಿದರು. ಲೆಕ್ಕ ತಪ್ಪಿದ ಹುಡುಗನೆಂಬುದಕ್ಕೂ ದಡ್ಡನೆಂಬುದಕ್ಕೂ ಇರುವ ಅಂತರ ಇದೇ. ನಮ್ಮ ಸಮಾಜದಲ್ಲಿ ಹುಟ್ಟಿನೊಡನೆ ಅಂಟುವ ಇಂಥ ನಾಮಪದಗಳ ಪಟ್ಟಿ ಉದ್ದವಾಗಿದೆ. 1933ರಲ್ಲಿ ಬಂದ ‘ಚೋಮನ ದುಡಿ’ಯ ಚೋಮನಿಗೆ ಉಳುವ ಕಸುವಿತ್ತು, ಎತ್ತುಗಳಿದ್ದವು, ಆಸೆಯಿತ್ತು, ಬೇಸಾಯಗಾರನೆಂಬ ಹೆಸರು ಮಾತ್ರ ಅವನಿಗೆ ಸಿಗುವಂತಿರಲಿಲ್ಲ, ಅಸ್ಪೃಶ್ಯನೆಂಬ ಇನ್ನೊಂದು ಹೆಸರು ಮೊದಲೇ ಅಂಟಿತ್ತು. ಅದಾದ ಮೂರು ವರ್ಷಕ್ಕೆ ಕಾರಂತರು ಬಂಟ ಸಮುದಾಯದ ಲೀಲಾ ಆಳ್ವರನ್ನು ಮದುವೆಯಾದರು. ಅಂದಿನ ದಕ್ಷಿಣ ಕನ್ನಡದಲ್ಲಿ ಇದು ಸಣ್ಣ ಸಾಹಸವಾಗಿರಲಿಲ್ಲ. ಬಿರುದುಗಳ ವಿಷಯದಲ್ಲಿಯೂ ಅವರ ನಿಲುವು ಬೇರೆಯಾಗಿರಲಿಲ್ಲ: 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ವಿರೋಧಿಸಿ 1975ರಲ್ಲಿ ಹಿಂತಿರುಗಿಸಿದರು.

1959ರಿಂದ 1964ರ ನಡುವೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳು ಬಂದವು. ರೇಚಲ್ ಕಾರ್ಸನ್ ಅವರ ಸಮುದ್ರ ಕುರಿತ ಪುಸ್ತಕವನ್ನು ‘ನಮ್ಮ ಸುತ್ತಲಿನ ಕಡಲು’ ಎಂದು ಕನ್ನಡಿಸಿದರು. ವಿಜ್ಞಾನದ ಓದುಗನಲ್ಲಿ ಹೊಸ ಪದಕ್ಕಿಂತ ಮೊದಲು ಹೊಸ ನೋಟವೊಂದನ್ನು ಮೂಡಿಸಬೇಕಾದ ಇಕ್ಕಟ್ಟು ಇಲ್ಲಿ ಪುಟಪುಟಕ್ಕೂ ಇದ್ದದ್ದೇ. ವಿಶ್ವವಿದ್ಯಾಲಯಗಳು ಸಮಿತಿಗಳ ಮೂಲಕ ಪರಿಭಾಷೆ ಕಟ್ಟಿ ಕಪಾಟಿನಲ್ಲಿಟ್ಟ ಸಂಸ್ಕೃತಭಾರದ ಪದಗಳೆಷ್ಟೋ ಇವೆ. ಪದವಿಯಿಲ್ಲದ ಒಬ್ಬ ವ್ಯಕ್ತಿ ಬರೆದದ್ದನ್ನು ಹಳ್ಳಿಯ ಹೈಸ್ಕೂಲಿನ ಹುಡುಗರು ಓದಿದರು. ‘ಮೂಕಜ್ಜಿಯ ಕನಸುಗಳು’ ಕಾದಂಬರಿಗೆ 1977ರ ಜ್ಞಾನಪೀಠ ಬರುವ ಹೊತ್ತಿಗೆ ಅವರು ಪುತ್ತೂರು ಬಿಟ್ಟು ಹುಟ್ಟೂರಿನ ಬಳಿಯ ಸಾಲಿಗ್ರಾಮದಲ್ಲಿ ನೆಲೆಸಿದ್ದರು. ಕೈಗಾ ಅಣುಸ್ಥಾವರದ ವಿರುದ್ಧ ನಿಂತು 1989ರ ಲೋಕಸಭಾ ಚುನಾವಣೆಗೆ ಸ್ಪರ್ಧಿಸಿದಾಗ ಅವರಿಗೆ ಎಂಬತ್ತೇಳು.

ಪರ್ಲಡ್ಕದ ಬಾಲವನ ಈಗ ಸರ್ಕಾರದ ವಶದಲ್ಲಿದೆ. ಅವರು ಬಾಳಿದ ಮನೆ, ನಾಟ್ಯಶಾಲೆ ಉಳಿದಿವೆ. ಸಮಾರಂಭಗಳು ನಡೆಯುತ್ತವೆ, ಶಾಲಾ ಮಕ್ಕಳು ಪ್ರವಾಸ ಬಂದು ನೋಡಿ ಹೋಗುತ್ತಾರೆ. ಗೋಡೆಯ ಮೇಲಿನ ಪಟಗಳ ಕೆಳಗಿನ ಹೆಸರುಗಳನ್ನು ಬರೆದುಕೊಂಡು ಬಸ್ಸು ಹತ್ತುವುದಕ್ಕಿಂತ, ಆವರಣದ ಮರಗಳಿಗೆ ತಮ್ಮ ತಮ್ಮ ಮನೆಗಳಲ್ಲಿ ಏನೆನ್ನುತ್ತಾರೆಂದು ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಾದರೆ ಒಂದು ಮಧ್ಯಾಹ್ನ ಸಾಲದೆ ಹೋದೀತು.

ಕಾರಂತರು ತೀರಿಕೊಂಡದ್ದು 1997ರ ಡಿಸೆಂಬರ್ 9ರಂದು. ತೊಂಬತ್ತು ದಾಟಿದ ಮೇಲೆ, ಬದುಕಿನ ಕೊನೆಯ ದಿನಗಳಲ್ಲಿ, ಅವರು ಬರೆದದ್ದು ಹಕ್ಕಿಗಳ ಬಗ್ಗೆ. ಆ ಪುಸ್ತಕವನ್ನು ಧಾರವಾಡದ ಮನೋಹರ ಗ್ರಂಥಮಾಲೆ 2002ರಲ್ಲಿ ಹೊರತಂದಿತು.